ಪಾಂಪದೂರ್ ಮೇಡಂ ಮೆಟ್ಟಿಲು ಹುಡುಕ್ಕೊಂಡು ಪ್ಯಾರಿಸ್‌ನಲ್ಲಿ ಐದು ದಿನ

ನಾನು ಮೈಸೂರಲ್ಲಿ ಹೈಸ್ಕೂಲ್ ಸಮಾಜ ವಿಜ್ಞಾನ ಟೀಚರ್. ಇಪ್ಪತ್ತು ವರ್ಷದ ಮೇಲಾಯ್ತು, ಪ್ರತಿ ವರ್ಷ ಫ್ರಾನ್ಸಿನ ಕ್ರಾಂತಿ ಪಾಠ ಬಂದಾಗ 15ನೇ ಲೂಯಿಗೆ ನಾನು ಕೊಡೋದು ಎರಡೇ ಸಾಲು, ಭೋಗಿ, ಪ್ರೇಯಸಿಯರ ಕೈಗೊಂಬೆ, ಮುಂದಕ್ಕೆ. ಬೋರ್ಡ್ ಮೇಲೆ ಬರೆದು ಕೆಳಗೆ ಗೆರೆನೂ ಎಳೆದಿದೀನಿ, ಮಕ್ಕಳೂ ಹಾಗೇ ಬರೆದು ಮಾರ್ಕ್ಸ್ ತಗೊಂಡು ಹೋಗಿದಾವೆ. ಈ ಸಲ ವ್ಯಾಲ್ಯುಯೇಷನ್ ಮುಗಿಸಿ ಏಪ್ರಿಲ್ ರಜೆಗೆ ಪ್ಯಾರಿಸ್‌ನಲ್ಲಿರೋ ತಂಗಿ ಮನೆಗೆ ಹೋಗಿದ್ದೆ. ಅವಳ ಮಗಳು ಅಲ್ಲೇ ಓದ್ತಿದಾಳೆ, ಮೊದಲ ರಾತ್ರಿನೇ ಕೇಳಿದ್ಲು, "ದೊಡ್ಡಮ್ಮ, ಐಫೆಲ್ ಟವರ್ ಕಿಟಕಿಯಿಂದಾನೇ ಕಾಣುತ್ತೆ, ಅದಕ್ಕೆ ಕ್ಯೂ ನಿಲ್ಲೋದು ಬೇಡ, ನಿಮ್ಮ ಪಾಠದಲ್ಲಿ ಬರೋರು ಯಾರಾದ್ರೂ ಒಬ್ರನ್ನ ಹಿಡ್ಕೊಂಡು ಊರು ಸುತ್ತೋಣ್ವಾ?" ಅಂತ. ನೆಪೋಲಿಯನ್ ಅಂದೆ, ಬೋರು ಅಂದ್ಲು. ಮೇರಿ ಆಂಟೊನೆಟ್ ಅಂದೆ, ಎಲ್ರೂ ಅವಳ ಹಿಂದೇನೇ ಹೋಗ್ತಾರೆ ಅಂದ್ಲು. ಹಾಗಾಗಿ ಬಂದಿದ್ದು 15ನೇ ಲೂಯಿಯ ಪ್ರೇಯಸಿ ಮಾದಾಮ್ ದ ಪಾಂಪದೂರ್. ತಂಗಿ ಮಾತ್ರ ಅಡುಗೆಮನೆಯಿಂದಾನೇ, "ಯಾಕಕ್ಕ, ಬೇರೆ ಯಾರೂ ಸಿಗ್ಲಿಲ್ವಾ, ಇಟ್ಕೊಂಡವಳ ಹಿಂದೆ ಐದು ದಿನ ಸುತ್ತುತೀರ?" ಅಂದ್ಲು.

ಬುಧವಾರ, ಲೂವ್ರ್

ಲೂವ್ರ್ ಮಂಗಳವಾರ ರಜೆ, ಹಾಗಾಗಿ ಬುಧವಾರ ಹೋದ್ವಿ, ಮಂಗಳವಾರದ ಜನ ಎಲ್ಲ ಅವತ್ತೇ ಬಂದಿದ್ರು ಅನ್ಸುತ್ತೆ, ದಸರಾ ಟೈಮಲ್ಲಿ ನಮ್ಮ ಅರಮನೆ ಗೇಟ್ ಹತ್ರ ಇರುತ್ತಲ್ಲ ಹಾಗೆ. ಮೋನಾಲಿಸಾ ಕಡೆ ಜನ ನದಿ ತರ ಹರಿತಿದ್ರು, ನಾವು ಅದಕ್ಕೆ ಎದುರಾಗಿ ಈಜ್ಕೊಂಡು ಇನ್ನೊಂದು ಕಡೆ ಹೋದ್ವಿ. ನಮಗೆ ಬೇಕಿದ್ದಿದ್ದು ಮೊರೀಸ್ ಕ್ವಾಂತಾ ದ ಲಾ ತೂರ್ ಬರೆದ ಪಾಂಪದೂರ್ ಚಿತ್ರ, 1755ರಲ್ಲಿ ಮೊದಲ ಸಲ ಜನರಿಗೆ ತೋರಿಸಿದ್ದು.

ಬಣ್ಣದ ಚಿತ್ರ ಅಂದ್ರೆ ಎಣ್ಣೆ ಬಣ್ಣ ಇರುತ್ತೆ ಅಂದ್ಕೊಂಡಿದ್ದೆ. ಅಲ್ಲ, ಪ್ಯಾಸ್ಟೆಲ್. ಅಂದ್ರೆ ಕಾಗದದ ಮೇಲೆ ಪುಡಿ, ನೆಟ್ಟಗೆ ಹೇಳ್ಬೇಕಂದ್ರೆ ನಮ್ಮ ಬಣ್ಣದ ಚಾಕ್‌ಪೀಸಿನ ಅಕ್ಕ. ಇಷ್ಟು ವರ್ಷ ಚಾಕ್‌ಪೀಸ್ ಧೂಳು ಕುಡಿದಿರೋಳು ನಾನು, ಅದೇ ಧೂಳಲ್ಲಿ ಒಂದೂಮುಕ್ಕಾಲು ಮೀಟರ್ ಎತ್ತರದ ಹೆಂಗಸನ್ನ ಕೂರಿಸಿದಾನೆ ಅಂದ್ರೆ ನಂಬೋಕಾಗ್ಲಿಲ್ಲ, ರೇಷ್ಮೆ ಗೌನಿನ ನೆರಿಗೆ ಒಂದೊಂದೂ ಬೇರೆ ಬೇರೆ ಮಿನುಗುತ್ತೆ, ಹತ್ರ ಹೋದ್ರೆ ಬರೀ ಗೀರು. ಬೆಳಕು ಬಿದ್ರೆ ಹಾಳಾಗುತ್ತೆ ಅಂತ ರೂಮ್ ಮಬ್ಬಾಗಿ ಇಟ್ಟಿದಾರೆ. ಅಷ್ಟು ದೊಡ್ಡ ಕಾಗದ ಆಗ ಸಿಗ್ತಿರ್ಲಿಲ್ವಲ್ಲ, ಹಾಳೆಗಳನ್ನ ಅಂಟಿಸಿ ಮಾಡಿರೋದು, ಮುಖ ಬೇರೆ ಹಾಳೆ ಮೇಲೆ ಬರೆದು ತಂದು ಸೇರಿಸಿದಾನೆ.

ನನಗೆ ಹಿಡಿಸಿದ್ದು ಮುಖ ಅಲ್ಲ, ಟೇಬಲ್ಲು. ಕತ್ತಲ್ಲಿ ಒಂದು ಹಾರ ಇಲ್ಲ, ರಾಜನ ಪ್ರೇಯಸಿ ಅಂದ್ರೆ ಮೈತುಂಬ ವಜ್ರ ಇರ್ಬೇಕಲ್ವಾ, ಇಲ್ಲ. ಕೈಲಿ ಸಂಗೀತದ ಹಾಳೆ. ಟೇಬಲ್ ಮೇಲೆ ಪುಸ್ತಕ ಸಾಲಾಗಿ ನಿಂತಿದೆ, ಬೆನ್ನಿನ ಮೇಲೆ ಹೆಸರು ಓದೋಕಾಗುತ್ತೆ, ವೋಲ್ಟೇರ್‌ದು ಒಂದು, ಮಾಂಟೆಸ್ಕ್ಯೂ ಬರೆದ ಕಾನೂನಿನ ಪುಸ್ತಕ, ಅದರ ಪಕ್ಕ ದಪ್ಪಗೆ ಎನ್‌ಸೈಕ್ಲೊಪೀಡಿಯಾ 4ನೇ ಸಂಪುಟ. ಇದು ಸುಮ್ನೆ ಡೆಕೊರೇಷನ್ ಅಲ್ಲ. ಆ ಎನ್‌ಸೈಕ್ಲೊಪೀಡಿಯಾನ 1752ರಲ್ಲೇ ಸರ್ಕಾರ ಒಂದ್ಸಲ ತಡೆದಿತ್ತು, ಪಾದ್ರಿಗಳಿಗೆ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ, ಹಾಗಿರುವಾಗ ರಾಜನ ಪಕ್ಕದಲ್ಲಿರೋಳು ತನ್ನ ಚಿತ್ರದಲ್ಲಿ ಅದನ್ನ ಎಲ್ರಿಗೂ ಕಾಣೋ ಹಾಗೆ ನಿಲ್ಲಿಸ್ಕೊಂಡಿದಾಳೆ. ಮುಂದೆ 1759ರಲ್ಲಿ ಅನುಮತಿನೇ ರದ್ದಾಯ್ತು, ಅದನ್ನ ಅವಳ ಕೈಲಿ ತಡೆಯೋಕಾಗ್ಲಿಲ್ಲ. ಟೇಬಲ್ ಅಂಚಲ್ಲಿ ಒಂದು ಹಾಳೆ ಜಾರಿ ಕೆಳಗೆ ಬಗ್ಗಿದೆ, ಅದ್ರಲ್ಲಿ ಲ್ಯಾಟಿನ್‌ನಲ್ಲಿ "ಪಾಂಪದೂರ್ ಕೆತ್ತಿದ್ದು" ಅಂತ ಇದೆ. ಹೌದು, ಅವಳೇ ತಾಮ್ರದ ತಗಡಿನ ಮೇಲೆ ಕೆತ್ತನೆ ಮಾಡೋದು ಕಲಿತಿದ್ಲು. ಆ ಹಾಳೆ ನೋಡಿ ನಗು ಬಂತು, ನಮ್ಮ ಸ್ಕೂಲಲ್ಲಿ ಮಕ್ಕಳು ಚಾರ್ಟ್ ಮಾಡಿ ಮೂಲೇಲಿ ದೊಡ್ಡದಾಗಿ ಹೆಸರು ಬರೀತಾರಲ್ಲ, ಅದೇ ಅದು.

ಮೆಟ್ರೋದಲ್ಲಿ ವಾಪಸ್ ಬರೋವಾಗ ಹುಡುಗಿಗೆ ಕಥೆ ಹೇಳ್ದೆ. ಹುಟ್ಟಿದ ಹೆಸರು ಜಾನ್ ಆಂತ್ವಾನೆತ್ ಪ್ವಾಸೊಂ, 1721ರ ಡಿಸೆಂಬರ್ 29, ಪ್ಯಾರಿಸ್‌ನಲ್ಲಿ. ಪ್ವಾಸೊಂ ಅಂದ್ರೆ ಮೀನು. ಅಪ್ಪ ದೊಡ್ಡ ಸಾಹುಕಾರರ ಹತ್ರ ಲೆಕ್ಕ ವ್ಯವಹಾರ ನೋಡ್ಕೊಳ್ತಿದ್ದೋನು, ಹಗರಣ ಆಗಿ ದೇಶ ಬಿಟ್ಟು ಓಡಿಹೋದ. ಒಂಬತ್ತು ವರ್ಷದವಳಿದ್ದಾಗ ಕಣಿ ಹೇಳೋಳು ಒಬ್ಳು ಈ ಹುಡುಗಿ ರಾಜನ ಮನಸ್ಸು ಆಳ್ತಾಳೆ ಅಂದ್ಲಂತೆ, ಅವತ್ತಿಂದ ಮನೇಲಿ ಎಲ್ರೂ "ಪುಟ್ಟ ರಾಣಿ" ಅಂತ ಕರೆಯೋಕೆ ಶುರು. ತಮಾಷೆ ಏನಂದ್ರೆ ಮುಂದೆ ಇವಳು ಆ ಕಣಿಯವಳಿಗೆ ಪಿಂಚಣಿ ಕೊಟ್ಲು, ಅವಳ ಖರ್ಚಿನ ಲೆಕ್ಕದಲ್ಲಿ 600 ಲೀವ್ರ್ (ಆಗಿನ ಫ್ರೆಂಚ್ ಹಣ) ಅಂತ ಅದಕ್ಕೆ ಒಂದು ಸಾಲೇ ಇದೆ. "ರಿವ್ಯೂ ಬರೆದಂಗಾಯ್ತು ದೊಡ್ಡಮ್ಮ, ಫೈವ್ ಸ್ಟಾರ್" ಅಂದ್ಲು ಹುಡುಗಿ.

ಗುರುವಾರ, ವರ್ಸೈ

ಬೆಳಗ್ಗೆ ತಂಗಿ ಚಿತ್ರಾನ್ನ ಡಬ್ಬಿಗೆ ಹಾಕ್ಕೊಟ್ಲು. ಸಿ ಲೈನ್ ರೈಲು ಹತ್ತಿದ್ವಿ, ಆ ಲೈನ್ ಮುಂದೆ ಹೋಗಿ ಕವಲು ಕವಲಾಗಿ ಒಡೆಯುತ್ತೆ ಅಂತ ಹುಡುಗಿಗೆ ಗೊತ್ತಿತ್ತು, ಆದ್ರೆ ಇಬ್ರೂ ಮಾತಾಡ್ತಾ ಬೋರ್ಡ್ ನೋಡ್ದೆ ಹತ್ತಿ ಬೇರೆ ಕಡೆ ಹೋಗೋ ಗಾಡಿಲಿ ಕೂತ್ಬಿಟ್ಟಿದ್ವಿ, ನಾಲ್ಕು ಸ್ಟೇಷನ್ ಆದ್ಮೇಲೆ ಇಳಿದು ವಾಪಸ್ ಬಂದು ಮತ್ತೆ ಹತ್ತಿ, ಬುಕ್ ಮಾಡಿದ ಟೈಮಿಗೆ ಏಳು ನಿಮಿಷ ಇದೆ ಅನ್ನುವಾಗ ಓಡ್ಕೊಂಡು ಗೇಟ್ ಮುಟ್ಟಿದ್ವಿ. ಸೀರೆ ಉಡ್ಕೊಂಡು ಕಲ್ಲು ಹಾಸಿದ ಅಂಗಳದಲ್ಲಿ ಓಡೋದು ಎಷ್ಟು ಕಷ್ಟ ಅಂತ ಓಡಿದೋರಿಗೇ ಗೊತ್ತು.

ಕನ್ನಡಿ ಮಹಲ್‌ನಲ್ಲಿ ಶುರು ಆಯ್ತು ಇವಳ ಕಥೆ ಅನ್ಬಹುದು. 1745ರ ಫೆಬ್ರವರಿ 25ರ ರಾತ್ರಿ, ಯುವರಾಜನ ಮದುವೆ ಪ್ರಯುಕ್ತ ಮುಖವಾಡದ ನೃತ್ಯಕೂಟ. ಬಾಗಿಲು ತೆಗೆದು ರಾಜ ಎಂಟು ಜನರಲ್ಲಿ ಒಬ್ಬನಾಗಿ ಬಂದ, ಎಂಟೂ ಜನ ತೋಟದಲ್ಲಿ ಕತ್ತರಿಸಿ ನಿಲ್ಲಿಸಿರ್ತಾರಲ್ಲ ಆ ಗಿಡದ ವೇಷ ಹಾಕಿದ್ರು, ಯಾವ ಗಿಡ ರಾಜ ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ. ಅದರಲ್ಲೊಂದು ಗಿಡ ಈ ಪ್ಯಾರಿಸ್ ಹುಡುಗಿ ಜೊತೆ ಮಾತಾಡ್ತಾ ನಿಂತುಬಿಡ್ತು. ಅವಳಿಗೆ ಆಗ 23, ಮದುವೆ ಆಗಿ ನಾಲ್ಕು ವರ್ಷ, ಚಿಕ್ಕ ಮಗಳಿದ್ಲು. ಗಂಡನ ಜಮೀನು ರಾಜನ ಬೇಟೆಕಾಡಿನ ಪಕ್ಕದಲ್ಲೇ ಇತ್ತು, ಕಾಡಲ್ಲಿ ರಾಜ ಬಂದಾಗೆಲ್ಲ ಇವಳು ನೀಲಿ ಗಾಡಿಲಿ ಗುಲಾಬಿ ಬಟ್ಟೆ, ಗುಲಾಬಿ ಗಾಡಿಲಿ ನೀಲಿ ಬಟ್ಟೆ ಹಾಕ್ಕೊಂಡು ಎದುರಿಗೆ ಹಾದುಹೋಗ್ತಿದ್ಲಂತೆ. ಅಂದ್ರೆ ಪ್ಲಾನ್ ಇಲ್ದೆ ಏನೂ ಇಲ್ಲ. ಗಂಡನಿಂದ ಬೇರೆ ಮಾಡಿಸಿ ಪಾಂಪದೂರ್ ಅನ್ನೋ ಊರಿನ ಬಿರುದು ಕೊಡಿಸಿದ್ರು, ಆ ಬೇಸಿಗೆ ರಾಜ ಯುದ್ಧಕ್ಕೆ ಹೋಗಿದ್ದಾಗ ಇವಳಿಗೆ ಟ್ಯೂಷನ್, ಯಾವ ಮನೆತನ ಯಾರಿಗೆ ನೆಂಟರು, ಯಾರಿಗೆ ಎಷ್ಟು ಬಗ್ಗಬೇಕು, ಹೇಗೆ ಹಿಂದಕ್ಕೆ ನಡೀಬೇಕು, ಎಲ್ಲ. ಸೆಪ್ಟೆಂಬರ್ 14ಕ್ಕೆ ರಾಣಿ ಮುಂದೆ ನಿಂತು ನಮಸ್ಕಾರ ಮಾಡಿದ್ಲು. ಇಂಟರ್ವ್ಯೂ ಪಾಸ್.

ಇಲ್ಲಿ ಒಂದು ಮಾತು. ನಮ್ಮಲ್ಲಿ ಇಟ್ಕೊಂಡವಳು ಅಂದ್ರೆ ಊರ ಹೊರಗೆ ಒಂದು ಮನೆ, ಎಲ್ರಿಗೂ ಗೊತ್ತು, ಯಾರೂ ಬಾಯಿಬಿಡಲ್ಲ. ಅಲ್ಲಿ ಇದು ಹುದ್ದೆ. ಅದಕ್ಕೊಂದು ಹೆಸರು, ಅರಮನೆ ಒಳಗೇ ಮನೆ, ನಮಸ್ಕಾರದ ಕ್ರಮ, ಎದುರಾಳಿಗಳು, ಎಲ್ಲ ಇತ್ತು. ಇವಳಿಗಿಂತ ಮುಂಚೆ ಆ ಹುದ್ದೆಲಿದ್ದೋರೆಲ್ಲ ದೊಡ್ಡ ಮನೆತನದೋರು, ವ್ಯಾಪಾರಿ ಲೇವಾದೇವಿ ಕುಲದಿಂದ ಬಂದ ಮೊದಲನೆಯವಳು ಇವಳು, ಅದೇ ಆಸ್ಥಾನಕ್ಕೆ ಹೊಟ್ಟೆಉರಿ.

ಅವಳ ಮೊದಲ ಮನೆ ಅಟ್ಟದ ಮೇಲೆ. ಟೂರ್ ಬೇರೆ ಬುಕ್ ಮಾಡ್ಬೇಕು, ಗೈಡ್ ಜೊತೆ ಇಷ್ಟೇ ಜನ ಅಂತ ಲೆಕ್ಕ. ಗೈಡ್ ಒಂದು ಸಣ್ಣ ಬಾಗಿಲು ತೆಗೆದು ಮೆಟ್ಟಿಲು ತೋರಿಸಿದ್ರು. ಎಣಿಸೋಣ ಅಂತ ಶುರು ಮಾಡಿದೆ, ಮಧ್ಯದಲ್ಲಿ ಉಸಿರು ಕಟ್ಟಿ ಲೆಕ್ಕ ತಪ್ಪಿತು. ಮೆಟ್ಟಿಲು ಕಿರಿದು, ತಿರುವು ಜಾಸ್ತಿ, ಕೆಳಗೆ ಬಂಗಾರದ ಚಾವಣಿ ನೋಡಿ ಬಂದ ಕಣ್ಣಿಗೆ ಇದು ನಮ್ಮ ಹಳೆ ಮನೆ ಉಪ್ಪರಿಗೆ ಮೆಟ್ಟಿಲು ತರಾನೇ ಕಾಣುತ್ತೆ. ಮೇಲೆ ರೂಮುಗಳು ಚಿಕ್ಕವು, ತಗ್ಗು ಚಾವಣಿ, ಕಿಟಕಿಯಿಂದ ಉತ್ತರದ ತೋಟ ಪೂರ್ತಿ ಕಾಣುತ್ತೆ, ಅದರಾಚೆ ಕಾಡಿನ ಅಂಚು. ಒಂದೆರಡು ಗೋಡೆ ಮೇಲೆ ಹಳೆ ಕೆತ್ತನೆ ಮರ ಇನ್ನೂ ಇದೆ. ಈ ಮೆಟ್ಟಿಲನ್ನ ಅವಳು ಎಷ್ಟು ಸಲ ಹತ್ತಿ ಇಳಿದಿರ್ಬೇಕು, ಬೆಳಗ್ಗೆ ರಾಣಿ ದರ್ಶನ, ಮಧ್ಯಾಹ್ನ ಬೇಟೆ, ಸಂಜೆ ನಾಟಕ (ಅವಳೇ ನಟಿಸ್ತಿದ್ಲು, ಹಾಡ್ತಿದ್ಲು, ಅರಮನೇಲಿ ಅವಳದೇ ಪುಟ್ಟ ಥಿಯೇಟರ್ ಇತ್ತು), ರಾತ್ರಿ ಊಟ, ಅದೂ ಗರ್ಭಪಾತ ಮೇಲೆ ಗರ್ಭಪಾತ ಆಗ್ತಿದ್ದ ಮೈಲಿ, ಮೊದಲಿಂದಾನೂ ಶ್ವಾಸಕೋಶ ಸರಿಯಿಲ್ಲದ ಹೆಂಗಸು. ನಾನು ಅರ್ಧಕ್ಕೇ ಗೋಡೆ ಹಿಡ್ಕೊಂಡಿದ್ದೆ.

ರೂಮಲ್ಲಿ ಗೈಡ್ ಹೇಳಿದ ಒಂದು ವಿಷಯ ಹುಡುಗಿ ನನ್ನ ಕಿವಿಲಿ ಹೇಳ್ತಿದ್ದಂಗೇ ಜೋರಾಗಿ ನಕ್ಕುಬಿಟ್ಟೆ, ಎಲ್ರೂ ತಿರುಗಿ ನೋಡಿದ್ರು. ಬೆಳಗ್ಗೆ ಅವಳು ಅಲಂಕಾರ ಮಾಡ್ಕೊಳ್ಳೋ ಹೊತ್ತಿಗೆ ಮಂತ್ರಿಗಳು, ರಾಯಭಾರಿಗಳು, ಕೆಲಸ ಕೇಳ್ಕೊಂಡು ಬರೋರು ಎಲ್ಲ ಬರ್ತಿದ್ರು, ರೂಮಲ್ಲಿ ಕುರ್ಚಿ ಮಾತ್ರ ಒಂದೇ, ಅದ್ರಲ್ಲಿ ಅವಳೇ ಕೂತಿರ್ತಿದ್ಲು. ಬಂದೋನು ರಾಜಕುಮಾರ ಆದ್ರೂ ನಿಂತೇ ಮಾತಾಡ್ಬೇಕು. ಈ ಒಂದು ಕುರ್ಚಿ ಟೆಕ್ನಿಕ್ ನಾನು ಎಷ್ಟು ಸರ್ಕಾರಿ ಆಫೀಸಲ್ಲಿ ನೋಡಿಲ್ಲ.

1750ರ ಹೊತ್ತಿಗೆ ಅವಳು ಮತ್ತು ರಾಜನ ನಡುವೆ ಮಲಗೋ ಸಂಬಂಧ ಮುಗಿದಿತ್ತು, ಆರೋಗ್ಯ ಕೈಕೊಟ್ಟಿತ್ತು. ಎಲ್ರೂ ಇನ್ನೇನು ಹೊರಗೆ ಹಾಕ್ತಾರೆ ಅಂತ ಕಾಯ್ತಿದ್ರು. ಆದ್ರೆ ಆಗಿದ್ದೇನಂದ್ರೆ ಅಟ್ಟದಿಂದ ಇಳಿದು ನೆಲ ಅಂತಸ್ತಿನ ದೊಡ್ಡ ಮನೆಗೆ ಬಂದ್ಲು, ಅಂದ್ರೆ ಪ್ರೊಮೋಷನ್. ಆಮೇಲಿನ ಹದಿನಾಲ್ಕು ವರ್ಷ ಅವಳು ಪ್ರೇಯಸಿ ಅನ್ನೋದಕ್ಕಿಂತ ಗೆಳತಿ, ಸೆಕ್ರೆಟರಿ, ಸಲಹೆಗಾರ್ತಿ. ನಾನು ಬೋರ್ಡ್ ಮೇಲೆ ಬರೆದ ಕೈಗೊಂಬೆ ಲೆಕ್ಕ ಇಲ್ಲಿಗೆ ಕೂರೋದೇ ಇಲ್ಲ, ಮೈಮೋಹದಿಂದ ಕುಣಿಸಿದ್ಲು ಅನ್ನೋದಾದ್ರೆ ಅದು ಐದು ವರ್ಷಕ್ಕೇ ಮುಗಿದು ಹೋಗಿತ್ತಲ್ಲ. ಅವಳ ವೈದ್ಯ ಕ್ವೆನೇ ಅಂತ, ಅದೇ ಅರಮನೆ ಮೂಲೆಯ ತಗ್ಗು ಕೋಣೇಲಿದ್ದ, 1758ರಲ್ಲಿ ದೇಶದ ದುಡ್ಡು ಯಾರ ಕೈಯಿಂದ ಯಾರ ಕೈಗೆ ಹರಿಯುತ್ತೆ ಅಂತ ಒಂದು ಕೋಷ್ಟಕ ಹಾಕಿದ, ಎಕನಾಮಿಕ್ಸ್ ಓದಿದೋರಿಗೆ ಅವನ ಹೆಸರು ಗೊತ್ತಿರುತ್ತೆ. ಅವನ ಕೋಣೆಗೆ ಆ ಎನ್‌ಸೈಕ್ಲೊಪೀಡಿಯಾ ಸಂಪಾದಕರು ದಿದರೋ, ದಾಲಂಬೇರ್ ತರದೋರು ಬಂದು ಊಟ ಮಾಡಿ ಸರ್ಕಾರನ ಬೈದು ಹೋಗ್ತಿದ್ರು, ರಾಜನ ಅರಮನೆ ಒಳಗೇನೇ.

ನೆಲ ಅಂತಸ್ತಿನ ಆ ರೂಮುಗಳಿಗೆ ಈಗ ಲೂಯಿ ಹೆಣ್ಣುಮಕ್ಕಳ ಹೆಸರಿಟ್ಟಿದಾರೆ. ಅಪ್ಪನ ಈ ಗೆಳತಿಗೆ ಆ ಹೆಣ್ಣುಮಕ್ಕಳು ಇಟ್ಟಿದ್ದ ಅಡ್ಡಹೆಸರಿನ ಮೊದಲ ಪದ "ಅಮ್ಮ", ಎರಡನೇದು ಇಲ್ಲಿ ಬರೆಯೋ ಹಾಗಿಲ್ಲ. ಅವಳು ಸತ್ತು ಕೆಲವು ವರ್ಷ ಆದ್ಮೇಲೆ ಅವಳ ರೂಮುಗಳು ಅವರಿಗೇ ಬಂದ್ವು.

ಶುಕ್ರವಾರ, ವರ್ಸೈ ಊರು

ಅರಮನೆ ಮತ್ತೆ ಬೇಡ ಅಂತ ತೋಟ, ಊರು ಅಷ್ಟೇ. ತೋಟದಲ್ಲಿ ಶಂಕುವಿನ ಆಕಾರಕ್ಕೆ ಕತ್ತರಿಸಿದ ಗಿಡಗಳನ್ನ ನೋಡಿದಾಗೆಲ್ಲ ಹುಡುಗಿ ಬಗ್ಗಿ "ಮಹಾಪ್ರಭು" ಅಂತ ಕನ್ನಡದಲ್ಲೇ ನಮಸ್ಕಾರ ಮಾಡ್ತಿದ್ಲು. ಪೆತಿ ತ್ರಿಯಾನೋಂ ತನಕ ನಡೆದ್ವಿ. ಅದನ್ನ ಎಲ್ರೂ ಮೇರಿ ಆಂಟೊನೆಟ್ ಮನೆ ಅಂತಾರೆ, ಯೋಚನೆ ಹುಟ್ಟಿದ್ದು ಪಾಂಪದೂರ್‌ಗೋಸ್ಕರ, 1762ರಲ್ಲಿ ಕೆಲಸ ಶುರು, 1768ರಲ್ಲಿ ಮುಗೀತು, ಮಧ್ಯೆ 1764ರಲ್ಲಿ ಇವಳು ಹೋದ್ಲು. ಗೃಹಪ್ರವೇಶ ಆಗಿದ್ದು ಮುಂದಿನ ಪ್ರೇಯಸಿ ದು ಬಾರಿ ಕಾಲಕ್ಕೆ. ಸೈಟು ತಗೊಂಡು ಮನೆ ಕಟ್ಟೋಕೆ ಹಾಕಿ ಕಣ್ಣುಮುಚ್ಚಿದೋರು ನಮ್ಮ ಬೀದೀಲೂ ಇದಾರೆ.

ಮಧ್ಯಾಹ್ನ ಮಳೆ. ನೋತ್ರ್ ದಾಮ್ ಅಂತ ವರ್ಸೈ ಊರಲ್ಲೂ ಒಂದು ಚರ್ಚ್ ಇದೆ, ಅದರೊಳಗೆ ನಿಂತ್ವಿ. 1764ರ ಏಪ್ರಿಲ್ 15ಕ್ಕೆ ಪಾಂಪದೂರ್ ತೀರ್ಕೊಂಡಿದ್ದು, 42 ವರ್ಷ, ಕ್ಷಯ. ರಾಜಮನೆತನದೋರು ಬಿಟ್ಟು ಬೇರೆಯವರು ಅರಮನೆಲಿ ಸಾಯೋ ಹಾಗಿರ್ಲಿಲ್ಲ, ಇವಳಿಗೆ ಮಾತ್ರ ಅಲ್ಲೇ ಇರೋಕೆ ಬಿಟ್ರು. ಆದ್ರೆ ಉಸಿರು ನಿಂತ ತಕ್ಷಣ ಹೆಣಾನ ಅರಮನೆಗೆ ಅಂಟಿಕೊಂಡಿರೋ ಅವಳ ಸ್ವಂತ ಮನೆಗೆ ಸಾಗಿಸಿದ್ರು. 17ಕ್ಕೆ ಈ ಚರ್ಚಲ್ಲಿ ಪೂಜೆ ಮುಗಿಸಿ ಸಂಜೆ ಪ್ಯಾರಿಸ್‌ಗೆ ಮೆರವಣಿಗೆ ಹೊರಟಿತು, ಗಾಳಿ ಮಳೆ. ರಾಜ ಹೋಗೋ ಹಾಗಿಲ್ಲ, ಪದ್ಧತಿ ಇಲ್ಲ. ತನ್ನ ಕೋಣೆ ಬಾಲ್ಕನಿಲಿ ಕೋಟು ಇಲ್ದೆ ಮಳೇಲಿ ನಿಂತು ಗಾಡಿಗಳು ಕಣ್ಮರೆಯಾಗೋ ತನಕ ನೋಡಿದ, ಕಣ್ಣಲ್ಲಿ ನೀರು, ಇಷ್ಟೇ ನನ್ನ ಕೈಲಿ ಮಾಡೋಕಾಗಿದ್ದು ಅಂದ ಅಂತ ಹೇಳ್ತಾರೆ. ನಾವು ಆ ರಸ್ತೆಗೆ ಬಂದು ನಿಂತು ಅರಮನೆ ಕಡೆ ನೋಡಿದ್ವಿ, ಉದ್ದ ನೇರ ರಸ್ತೆ, ಎರಡೂ ಕಡೆ ಮರ, ತುಂಬ ಹೊತ್ತು ಕಾಣಿಸಿರುತ್ತೆ.

ಶನಿವಾರ, ಸೆವ್ರ್

ಇಡೀ ಟ್ರಿಪ್‌ನಲ್ಲಿ ನನಗೆ ಇಷ್ಟ ಆಗಿದ್ದು ಈ ದಿನ. ಮೆಟ್ರೋ 9ರ ಕೊನೆ ಸ್ಟಾಪ್, ಅಲ್ಲಿಂದ ಸೇನ್ ನದಿ ಸೇತುವೆ ದಾಟಿದ್ರೆ ಸೆವ್ರ್ ಪಿಂಗಾಣಿ ಕಾರ್ಖಾನೆ ಮತ್ತು ಮ್ಯೂಸಿಯಂ. ಈಗಿನ ಕಟ್ಟಡ 1876ರದ್ದು, ಪಾಂಪದೂರ್ ಕಾಲದ್ದು ಹತ್ರದಲ್ಲೇ ಬೇರೆ.

ಕಾರ್ಖಾನೆ ಮೊದಲು ಶುರುವಾಗಿದ್ದು 1740ರಲ್ಲಿ, ಪ್ಯಾರಿಸ್ ಆಚೆ ಕಡೆ ವಾಂಸೆನ್ ಕೋಟೆಲಿ. ಆಗ ಯೂರೋಪಿಗೆಲ್ಲ ಪಿಂಗಾಣಿ ಅಂದ್ರೆ ಚೀನಾದ್ದು, ಇಲ್ಲಾ ಜರ್ಮನಿಯ ಮೈಸೆನ್‌ದು. ನಮ್ಮ ದುಡ್ಡು ಯಾಕೆ ಅಲ್ಲಿಗೆ ಹೋಗ್ಬೇಕು ಅಂತ ಇವಳು ಹಟ ಹಿಡಿದು ರಾಜನ ಕೈಲಿ ದುಡ್ಡು ಹಾಕಿಸಿದ್ಲು, 1756ಕ್ಕೆ ಕಾರ್ಖಾನೆನ ತನ್ನ ಬೆಲ್‌ವ್ಯೂ ಬಂಗಲೆ ಹತ್ರಾನೇ ಸೆವ್ರ್‌ಗೆ ತರಿಸಿದ್ಲು, 1759ಕ್ಕೆ ಪೂರ್ತಿ ರಾಜನದೇ ಆಯ್ತು. ವರ್ಷದ ಕೊನೇಲಿ ರಾಜ ತನ್ನ ಊಟದ ಕೋಣೆಲೇ ಪಿಂಗಾಣಿ ಮಾರಾಟಕ್ಕೆ ಇಡಿಸ್ತಿದ್ದ, ಆಸ್ಥಾನದೋರು ಬಂದು ತಗೊಳ್ಳದೆ ಹೋಗೋ ಹಾಗಿಲ್ಲ. ರಾಜನೇ ಸೇಲ್ಸ್‌ಮ್ಯಾನ್, ಮೇಡಂ ಮ್ಯಾನೇಜರ್.

ಕಷ್ಟ ಏನಿತ್ತಂದ್ರೆ ಗಟ್ಟಿ ಪಿಂಗಾಣಿಗೆ ಬೇಕಾದ ಕಯೊಲಿನ್ ಅನ್ನೋ ಬಿಳಿ ಮಣ್ಣು ಫ್ರಾನ್ಸಲ್ಲಿ ಆಗ ಸಿಕ್ಕಿರ್ಲಿಲ್ಲ, ಅದು ಸಿಕ್ಕಿದ್ದು 1768ರಲ್ಲಿ. ಅದಿಲ್ದೆ ಮರಳು, ಉಪ್ಪು, ಸೋಡಾ ಎಲ್ಲ ಸುಟ್ಟು ಗಾಜಿನ ತರ ಮಾಡಿ, ಪುಡಿ ಮಾಡಿ, ಅದಕ್ಕೆ ಸುಣ್ಣದ ಮಣ್ಣು ಸೇರಿಸಿ ಕಲೆಸ್ತಿದ್ರು. ಆ ಹಿಟ್ಟು ನಮ್ಮ ರಾಗಿ ಹಿಟ್ಟು ಇದ್ದಂಗೆ, ಅಂಟು ಇಲ್ಲ, ಎತ್ತಿದ್ರೆ ಬಿರಿಯುತ್ತೆ, ಗೂಡಲ್ಲಿ ಇಟ್ರೆ ಸೊಟ್ಟ ಆಗುತ್ತೆ. ಆದ್ರೆ ಬಣ್ಣ ಹಾಕಿ ಸುಟ್ರೆ ಬಣ್ಣ ಮೈಯೊಳಗೇ ಕರಗಿ ಹೋಗುತ್ತೆ, ಮೇಲೆ ಬಳಿದಂಗೆ ಕಾಣಲ್ಲ. ಗಾಜಿನ ಪೆಟ್ಟಿಗೇಲಿ ಒಂದು ಗುಲಾಬಿ ಬಣ್ಣದ ಕಪ್ ಇತ್ತು, 1757ರ ಸುಮಾರಿಗೆ ಹುಟ್ಟಿದ ಬಣ್ಣ ಅದು, ಸಾಸರ್ ಅಂಚಲ್ಲಿ ಬಂಗಾರದ ಗೆರೆ, ಒಂದು ಕಡೆ ಗೆರೆ ಸವೆದು ಅರ್ಧ ಹೋಗಿದೆ, ಯಾರೋ ದಿನಾ ಅದೇ ಕಡೆ ಹೆಬ್ಬೆಟ್ಟು ಇಟ್ಟಿರ್ಬೇಕು. ಇಂಗ್ಲಿಷರು ಮುಂದೆ ಈ ಬಣ್ಣಕ್ಕೆ ದು ಬಾರಿ ಗುಲಾಬಿ ಅಂತ ಹೆಸರಿಟ್ರು, ಪಾಪ ಇವಳ ಬಣ್ಣಾನೂ ಅವಳಿಗೆ ಹೋಯ್ತು. ಕೆಲವನ್ನ ತಳ ಕಾಣೋ ಹಾಗೆ ಬೋರಲು ಇಟ್ಟಿದಾರೆ, ತಳದಲ್ಲಿ ಎರಡು ಎಲ್ ಅಕ್ಷರ ಹೆಣೆದ ಗುರುತು, ಲೂಯಿದು, ಮಧ್ಯೆ ಇನ್ನೊಂದು ಅಕ್ಷರ. 1753ಕ್ಕೆ ಎ, ಮುಂದಿನ ವರ್ಷಕ್ಕೆ ಬಿ, ಹೀಗೆ. ಗೊತ್ತಾದ ಮೇಲೆ ನಾವಿಬ್ರೂ ಬಗ್ಗಿ ಬಗ್ಗಿ ಬೆರಳಲ್ಲಿ ವರ್ಷ ಎಣಿಸೋದೇ ಆಟ ಆಯ್ತು.

ವಾಂಸೆನ್‌ನಲ್ಲಿದ್ದಾಗ 40ಕ್ಕೂ ಹೆಚ್ಚು ಹೆಂಗಸರು ಹುಡುಗಿಯರು ಕೂತು ಬರೀ ಹೂವೇ ಮಾಡ್ತಿದ್ರು, ಎಸಳು ಎಸಳಾಗಿ ಬೆರಳಲ್ಲಿ ಒತ್ತಿ. ಒಂದು ಚಳಿಗಾಲ ಬೆಲ್‌ವ್ಯೂ ಬಂಗಲೆಗೆ ರಾಜ ಬಂದಾಗ ಪಾಂಪದೂರ್ ಒಂದಿಡೀ ತೋಟ ಪಿಂಗಾಣಿ ಹೂವಲ್ಲಿ ಮಾಡಿಸಿ ಸೆಂಟ್ ಹಾಕಿಸಿದ್ಲು, ರಾಜ ಕೀಳೋಕೆ ಬಗ್ಗಿದ ಅಂತ ಕಥೆ ಇದೆ. ಕಥೆ ಹೇಳೋರು ರಾಜನ ಬಗ್ಗೆ ಹೇಳ್ತಾರೆ, ನನಗೆ ಆ ಎಸಳು ಒತ್ತಿದ ಹುಡುಗಿಯರ ಬೆರಳೇ ಕಣ್ಣಿಗೆ ಬಂತು.

ಇಲ್ಲಿ ಒಂದು ನಮ್ಮೂರ ವಿಷಯ. ಟಿಪ್ಪು ಕಳಿಸಿದ ಮೂರು ಜನ ರಾಯಭಾರಿಗಳು ಶ್ರೀರಂಗಪಟ್ಟಣದ ಕಡೆಯಿಂದ ಹೊರಟು 1788ರಲ್ಲಿ ಫ್ರಾನ್ಸಿನ ತುಲೋನ್ ಬಂದರಲ್ಲಿ ಇಳಿದು, ಆಗಸ್ಟ್ 10ಕ್ಕೆ ವರ್ಸೈಲಿ 16ನೇ ಲೂಯಿ ಮುಂದೆ ನಿಂತ್ರು. ಸೈನ್ಯ ಸಿಗ್ಲಿಲ್ಲ, ಸಿಕ್ಕಿದ್ದು ಸೆವ್ರ್ ಪಿಂಗಾಣಿ. ಅವರು ಈ ಕಾರ್ಖಾನೆಗೂ ಬಂದು ನೋಡ್ಕೊಂಡು ಹೋಗಿದಾರೆ, ಟಿಪ್ಪು ಪಿಂಗಾಣಿ ಕೆಲಸದೋರನ್ನೂ ಕಳಿಸಿ ಅಂತ ಕೇಳಿದ್ದ. ಇನ್ನೂ ಹಿಂದಕ್ಕೆ ಹೋದ್ರೆ, ಅದೇ ಪಾಂಪದೂರ್ ಬೆಂಬಲಿಸಿದ 1756ರ ಆಸ್ಟ್ರಿಯಾ ಒಪ್ಪಂದ, ಅದರ ಬೆನ್ನಿಗೆ ಬಂದ ಏಳು ವರ್ಷದ ಯುದ್ಧ, ಆ ಯುದ್ಧದ ಒಂದು ತುದಿ ಪಾಂಡಿಚೇರಿಲಿ, 1760ರಲ್ಲಿ ಫ್ರೆಂಚರಿಗೆ ಸಹಾಯಕ್ಕೆ ಅಂತ ಹೈದರ್ ಅಲಿ ಸೈನ್ಯ ಕಳಿಸಿದ್ದ, ಇತ್ತ ಶ್ರೀರಂಗಪಟ್ಟಣದಲ್ಲಿ ತನ್ನ ದಿವಾನ ಖಂಡೇರಾಯನೇ ತಿರುಗಿಬಿದ್ದ ಅಂತ ವಾಪಸ್ ಕರೆಸ್ಕೊಂಡ, 1761ರ ಜನವರಿಲಿ ಪಾಂಡಿಚೇರಿ ಬಿತ್ತು. ಇಷ್ಟು ವರ್ಷ ಎಂಟನೇ ಕ್ಲಾಸಲ್ಲಿ ಹೈದರ್, ಒಂಬತ್ತರಲ್ಲಿ ಲೂಯಿ ಅಂತ ಬೇರೆ ಬೇರೆ ಪೀರಿಯಡ್‌ನಲ್ಲಿ ಹೇಳಿದೀನಿ, ಇಬ್ರೂ ಒಂದೇ ಯುದ್ಧದಲ್ಲಿದ್ರು ಅಂತ ಯಾವತ್ತೂ ಸೇರಿಸಿ ಹೇಳಿರ್ಲಿಲ್ಲ.

ಬೆಲ್‌ವ್ಯೂ ಬಂಗಲೆ ಈಗಿಲ್ಲ, ಗುಡ್ಡದ ಮೇಲೆ ಕಟ್ಟೆ ಉಳಿದಿದೆ. ಹತ್ತೋಕೆ ಕಾಲು ಒಪ್ಪಲಿಲ್ಲ. ಕೆಳಗೇ ಬೆಂಚ್ ಮೇಲೆ ಕೂತು ಚಿತ್ರಾನ್ನ ತಿಂದ್ವಿ.

ಭಾನುವಾರ, ಪ್ಯಾರಿಸ್

ನಾಲ್ಕು ದಿನದಲ್ಲಿ ನಾನು ಇವಳ ಪಾರ್ಟಿ ಆಗ್ಬಿಟ್ಟಿದ್ದೆ. ತಂಗಿನೂ ಅದನ್ನೇ ಅಂದ್ಲು, "ಅಕ್ಕ, ನಿಮ್ಮ ಪಾಂಪದೂರು ತಪ್ಪೇ ಮಾಡಿಲ್ಲ ಅನ್ನೋ ಹಾಗೆ ಮಾತಾಡ್ತಿದೀರ." ಅದಕ್ಕೋ ಏನೋ ಕಾರ್ನವಾಲೆ ಮ್ಯೂಸಿಯಂ ಮೊದಲು ನೋಡ್ಬೇಕು ಅನ್ನಿಸ್ತು. ಅದು ಪ್ಯಾರಿಸ್ ಊರಿನ ಮ್ಯೂಸಿಯಂ, ಒಳಗೆ ಹೋಗೋಕೆ ಟಿಕೆಟ್ ಇಲ್ಲ.

ಅಲ್ಲಿ ಒಂದು ಹಗ್ಗದ ಏಣಿ ಇದೆ. ಲಾತ್ಯೂದ್ ಅಂತ ಒಬ್ಬ ಹುಡುಗ, ದುಡ್ಡಿಲ್ಲ, ತಲೆ ಓಡಿಸಿದ, 1749ರಲ್ಲಿ ಪಾಂಪದೂರ್‌ಗೆ ಒಂದು ಡಬ್ಬಿಲಿ ಪುಡಿ ಹಾಕಿ ಪೋಸ್ಟ್ ಮಾಡಿ, ಆಮೇಲೆ ತಾನೇ ಓಡಿಹೋಗಿ ನಿಮಗೆ ವಿಷ ಕಳಿಸ್ತಿದಾರೆ ಹುಷಾರು ಅಂದ, ಬಹುಮಾನ ಸಿಗುತ್ತೆ ಅಂತ. ಪುಡಿಯಿಂದ ಯಾರಿಗೂ ಏನೂ ಆಗೋ ಹಾಗಿರ್ಲಿಲ್ಲ. ಬಸ್ತೀಲ್ ಜೈಲಿಗೆ ಹಾಕಿದ್ರು. 1756ರಲ್ಲಿ ಜೊತೆಗಾರನ ಜೊತೆ ಬಟ್ಟೆ ಎಳೆ ಬಿಚ್ಚಿ ಹಗ್ಗ ಹೊಸೆದು, ಸೌದೆ ತುಂಡು ಮೆಟ್ಟಿಲು ಮಾಡಿ ಇಳಿದು ಓಡಿದ, ಹಾಲೆಂಡಲ್ಲಿ ಹಿಡ್ಕೊಂಡು ಬಂದ್ರು. ಅವಳು ಕ್ಷಮಿಸಲಿಲ್ಲ. ಅವಳು ಸತ್ತಳು, ಅವನು ಒಳಗೇ ಇದ್ದ, 15ನೇ ಲೂಯಿ ಸತ್ತ, ಆಗಲೂ ಒಳಗೆ. 1784ರಲ್ಲಿ ಬಿಟ್ಟಾಗ ಒಟ್ಟು ಲೆಕ್ಕ 35 ವರ್ಷ. ಏಣಿ ಮೆಟ್ಟಿಲಿನ ಕಟ್ಟಿಗೆ ಒಂದೊಂದೂ ಒಂದೊಂದು ದಪ್ಪ, ಒಲೆಗೆ ಹಾಕೋಕೆ ತಂದ ಸೌದೆನೇ. ಹತ್ತಿರದಲ್ಲೇ ಅವನ ಚಿತ್ರ, ಮುದುಕ ಆದ್ಮೇಲೆ ಬರೆಸಿದ್ದು, ಆ ಏಣಿ ಮೇಲೆ ಕೈ ಇಟ್ಕೊಂಡು ನಿಂತಿದಾನೆ.

ಹುಡುಗಿ ತುಂಬ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಗುರುವಾರ ಹತ್ತಿದ ಮೆಟ್ಟಿಲು ನೆನಪಾಯ್ತು ದೊಡ್ಡಮ್ಮ" ಅಂದ್ಲು. ನಾನೂ ಸುಮ್ನಿದ್ದೆ. ಪಾಂಪದೂರ್ ತನ್ನ ಮೇಲೆ ಅಶ್ಲೀಲ ಪದ್ಯ ಬರೆಸಿದ ಅಂತ ಮೋರ್ಪಾ ಅನ್ನೋ ಮಂತ್ರಿನ ಅದೇ 1749ರಲ್ಲಿ ಹೊರಗೆ ಹಾಕಿಸಿದ್ಲು, ಅದು ನನಗೆ ಸರಿ ಅನ್ಸಿತ್ತು, ಅವಳ ಮನೆತನದ ಹೆಸರನ್ನೇ ಹಿಡಿದು ಬೀದಿ ಬೀದಿಲಿ ಮೀನಿನ ಹಾಡು ಹಾಡಿಸ್ತಿದ್ರಲ್ಲ. ತನ್ನ ಸ್ನೇಹಿತ ಸೂಬೀಸ್‌ಗೆ ಸೈನ್ಯ ಕೊಡಿಸಿ 1757ರಲ್ಲಿ ರೋಸ್‌ಬಾಕ್‌ನಲ್ಲಿ ಫ್ರಾನ್ಸ್ ಮಣ್ಣುಮುಕ್ಕಿತು, ಅದನ್ನೂ ಸೇನಾಧಿಪತಿಗಳೆಲ್ಲ ಅಷ್ಟರಲ್ಲೇ ಇದ್ರು ಬಿಡಿ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಈ ಸೌದೆ ಏಣಿಗೆ ಏನೂ ಹೇಳೋಕೆ ಬರಲಿಲ್ಲ.

ಎಕೋಲ್ ಮಿಲಿತೇರ್ ಬಸ್ ಕಿಟಕಿಯಿಂದಾನೇ ನೋಡಿದ್ವಿ. ದುಡ್ಡಿಲ್ಲದ ಶ್ರೀಮಂತ ಮನೆತನದ 500 ಹುಡುಗರಿಗೆ ಸೈನಿಕ ಶಾಲೆ ಅಂತ 1751ರಲ್ಲಿ ಶುರು ಮಾಡಿಸಿದ್ದು, ಇಸ್ಪೀಟ್ ಎಲೆ ಮೇಲಿನ ತೆರಿಗೆಯಲ್ಲಿ ನಡೀಬೇಕಿತ್ತು, ದುಡ್ಡು ಸಾಲದೆ ಕೆಲಸ ನಿಂತಾಗ ಕೂಲಿಯೋರಿಗೆ ಅವಳೇ ಕೈಯಿಂದ ಕೊಟ್ಲು. ನೆಪೋಲಿಯನ್ ಓದಿದ್ದು ಅಲ್ಲೇ. ಅಂತೂ ಹುಡುಗಿಗೆ ಬೋರ್ ಹೊಡೆಸೋ ನೆಪೋಲಿಯನ್ ಕೂಡ ಬಂದ.

ಕೊನೇಲಿ ಸಮಾಧಿ. ಅವಳನ್ನ ಹೂತಿದ್ದು ಕಾಪ್ಯುಸಿನ್ ಸನ್ಯಾಸಿನಿಯರ ಮಠದಲ್ಲಿ, ಒಂಬತ್ತು ವರ್ಷಕ್ಕೇ ತೀರಿಹೋದ ಮಗಳು ಅಲೆಕ್ಸಾಂದ್ರೀನ್ ಪಕ್ಕ. ಕ್ರಾಂತಿ ಆಯ್ತು, ಮಠ ಹೋಯ್ತು, 1806ರಲ್ಲಿ ಆ ಜಾಗದ ಮೇಲೇ ರಸ್ತೆ ಬಂತು. ಅದೇ ಈಗ ರ‍್ಯೂ ದ ಲಾ ಪೇ, ವಾಂದೋಮ್ ಚೌಕದ ಪಕ್ಕ, ಎರಡೂ ಕಡೆ ವಜ್ರದಂಗಡಿ. ಒಂದು ಕಲ್ಲಿಲ್ಲ, ಬೋರ್ಡಿಲ್ಲ. ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದ್ವಿ, ಮಳೆ ಶುರುವಾಯ್ತು, ಒಂದೇ ಕೊಡೆ. ಅಂಗಡಿ ಬಾಗಿಲಲ್ಲಿ ಸೂಟ್ ಹಾಕ್ಕೊಂಡ ಸೆಕ್ಯುರಿಟಿಯೋನು ನಮ್ಮನ್ನೇ ನೋಡ್ತಿದ್ದ, ಸೀರೆ, ಮೇಲೆ ಸ್ವೆಟರ್, ಕೈಲಿ ಖಾಲಿ ಡಬ್ಬಿ ಚೀಲ, ಇವರೇನೂ ತಗೊಳ್ಳೋರಲ್ಲ ಅಂತ ಅವನಿಗೂ ಗೊತ್ತಾಗಿತ್ತು.

"ಫೋಟೋ ತೆಗೀಲಾ?" ಅಂದ್ಲು ಹುಡುಗಿ. ಯಾವುದರದ್ದು ಅಂದೆ. ಅವಳು ಫೋನ್ ಕೆಳಗೆ ಹಿಡಿದು ರಸ್ತೆದೇ ತೆಗೆದ್ಲು.

ಶಾಲೆ ಶುರುವಾದ ಮೇಲೆ ಸ್ಟಾಫ್ ರೂಮಲ್ಲಿ ಎಲ್ರಿಗೂ ಫೋಟೋ ತೋರಿಸ್ತಿದ್ದೆ, ಅರಮನೆ, ಕನ್ನಡಿ ಮಹಲ್, ಗುಲಾಬಿ ಕಪ್. ಒದ್ದೆ ಟಾರು, ಒಂದು ಕಾರಿನ ಚಕ್ರ, ಕೊಡೆ ಅಂಚು ಇರೋ ಫೋಟೋ ಬಂದಾಗ ಗಣಿತದ ಮೇಷ್ಟ್ರು, "ಇದೇನ್ ಮೇಡಂ, ಕೈತಪ್ಪಿ ಬಂದಿದೆ, ಡಿಲೀಟ್ ಮಾಡ್ಲಾ?" ಅಂದ್ರು.

ಬೇಡ ಸಾರ್ ಅಂದೆ, ಬೆಲ್ ಹೊಡೀತು.